ಗೆಂಡೆ ಅಂದದ್ದು ನಾನೇ

ಅದು ಹೆಸರಿನ ಗೊಂದಲ ಎಂದು ಎಲ್ಲರೂ ಹೇಳುತ್ತಾರೆ. ಹರಿಹರದ ಹೊಳೆಯಲ್ಲಿ ಭಾನುವಾರ ಗಾಳ ಹಾಕುವ ನಮ್ಮ ಸಣ್ಣ ಗುಂಪಿನಲ್ಲಿ ಇವತ್ತಿಗೂ ಕಥೆ ಚಾಲ್ತಿಯಲ್ಲಿರುವುದು ಹೀಗೆ: ಇರ್ಫಾನ್ ಒಂದು ಗೆಂಡೆ ಮೀನು ಹಿಡಿದ, ಅದನ್ನು ಅಪರೂಪದ ಮಹಶೀರ್ ಅಂದುಕೊಂಡ, ಪಾಪ, ಮೀನಿನ ಹೆಸರುಗಳೇ ಹಾಗೆ, ಊರಿಗೊಂದು ಮನೆಗೊಂದು, ಯಾರಿಗಾದರೂ ತಪ್ಪುತ್ತದೆ. ಒಳ್ಳೆಯ ಕಥೆ. ಯಾರೂ ಸುಳ್ಳುಗಾರರಾಗದಂತೆ ಕಟ್ಟಿದ ಕಥೆ. ಕಟ್ಟಿದವಳು ನಾನು.

ಗೊಂದಲ ಇರಲಿಲ್ಲ. ಅದು ಮಹಶೀರೇ. ಹಗಲು ಬೆಳಕಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದೆ. ನೋಡಿಯೂ ಗೆಂಡೆ ಅಂದೆ. ಯಾಕೆಂದರೆ — ಇಲ್ಲ, ಈ 'ಯಾಕೆ'ಯನ್ನು ನನ್ನೊಳಗೆ ಎಷ್ಟೋ ಸಲ ಎಷ್ಟೋ ಚೆಂದವಾಗಿ ವಾದಿಸಿ ಗೆದ್ದಿದ್ದೇನೆ. ಚೆಂದವಿಲ್ಲದ ಉತ್ತರ ಒಂದೇ. ಹೊಟ್ಟೆಕಿಚ್ಚು.

ನನ್ನ ಅಪ್ಪನದು ದಾವಣಗೆರೆಯ ಹಳೇ ಪೇಟೆಯಲ್ಲಿ ಕನ್ನಡಕದ ಅಂಗಡಿ. ನಾವು ಮೀನು ತಿನ್ನುವವರಲ್ಲ. ಮೊಟ್ಟೆ ಎಂಬ ಶಬ್ದವನ್ನೂ ಅಮ್ಮ ಅಡುಗೆಮನೆಯ ಹೊಸ್ತಿಲಾಚೆಗೇ ನಿಲ್ಲಿಸುತ್ತಾಳೆ. ಆದರೂ ಅಪ್ಪನಿಗೆ ಗಾಳದ ಹುಚ್ಚು. ಹಿಡಿಯುವುದು, ಬಿಡುವುದು, ಅಷ್ಟೇ. ಎರೆಹುಳುವಿಗೆ ನಮ್ಮ ಮನೆಯಲ್ಲಿ ಪ್ರವೇಶವಿಲ್ಲದ್ದರಿಂದ ಅಪ್ಪನ ಗಾಳಕ್ಕೆ ಹಿಟ್ಟಿನ ಉಂಡೆ, ಇಲ್ಲವೆ ಪ್ಲಾಸ್ಟಿಕ್ಕಿನ ಬಣ್ಣದ ಮರಿಮೀನು. "ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕ್ರಿ? ಮೊದ್ಲೇ ಬಿಟ್ಟು ಮನ್ಯಾಗ ಕೂಡ್ರಿ" ಎಂದು ಅಮ್ಮ ಪ್ರತಿ ಭಾನುವಾರ ಕೇಳುತ್ತಿದ್ದಳು. ನಾನು ವಾದ ಮಾಡುವುದನ್ನು ಕಲಿತದ್ದು ಕಾಲೇಜಿನ ಚರ್ಚಾ ಸ್ಪರ್ಧೆಗಳಿಗೂ ಮೊದಲು, ಇವರಿಬ್ಬರ ನಡುವೆ ಕೂತು.

ತಿನ್ನದವರ ಕಷ್ಟವೆಂದರೆ ಮೀನಿನ ಹೆಸರು ಗೊತ್ತಿರುವುದಿಲ್ಲ. ತಿನ್ನುವ ಮನೆಯಲ್ಲಿ ಹೆಸರು ಸಾರಿನ ಜೊತೆ ಬರುತ್ತದೆ. ನಮಗೆ ಬಂದದ್ದು ಇಂಟರ್ನೆಟ್ಟಿನಿಂದ, ಅಲ್ಲಿ ಇಲ್ಲಿ ಕೇಳಿದ ಮಾತಿನಿಂದ. ಹೊಳೆಯಲ್ಲಿ ಸಿಗುವ ಬೆಳ್ಳಿ ಬಣ್ಣದ, ಮೈಮೇಲೆ ನೀಲಿ ಚುಕ್ಕೆಗಳಿರುವ ಬೆರಳುದ್ದದ ಮೀನೊಂದನ್ನು ಅಪ್ಪ 'ಟ್ರೌಟ್' ಎನ್ನುತ್ತಿದ್ದರು. ಬ್ರಿಟಿಷರ ಕಾಲದ ಯಾವನೋ ಎಂಜಿನಿಯರು ಅದನ್ನು ಹಾಗೆ ಕರೆದಿದ್ದನಂತೆ. ಹೈಸ್ಕೂಲಿನಲ್ಲಿದ್ದಾಗಲೇ ನಾನು ತಗಾದೆ ತೆಗೆದಿದ್ದೆ.

"ಟ್ರೌಟ್ ಅಂದ್ರೆ ಕೊರೆಯೋ ನೀರಿನ ಮೀನು ಅಪ್ಪ. ಹಿಮಾಲಯದಾಗೆ ಇರುತ್ತೆ, ಊಟಿ ಬೆಟ್ಟದ ಮ್ಯಾಲೆ ತಂದು ಬಿಟ್ಟಾರೆ. ಹರಿಹರದ ಬಿಸಿಲಿಗೆ ಬೆಂದೇ ಹೋಗುತ್ತೆ."

"ಅದಕ್ಕೇನ್ ಗೊತ್ತು ತನ್ ಹೆಸರು?" ಅಪ್ಪ ರೀಲು ಸುತ್ತುತ್ತಾ ಹೇಳಿದ್ದರು. "ನೀ ಸುಮ್ನಿರು, ಕಚ್ಚಾಕ ಬಿಡು ಅದನ್ನ."

ಈ ಗೊತ್ತಿಲ್ಲದಿರುವಿಕೆಯಿಂದಲೇ ಅಪ್ಪ ಒಂದು ನಿಯಮ ಹುಟ್ಟಿಸಿದ್ದರು. ಹಿಡಿದವರು ಮೀನಿನ ಹೆಸರು ಹೇಳಬಾರದು. ಪಕ್ಕದಲ್ಲಿ ನಿಂತು ನೋಡಿದವರು ಹೇಳಬೇಕು. ಮೀನನ್ನು ನೀರಿನಿಂದ ಎತ್ತುವಂತಿಲ್ಲ, ಫೋಟೊ ಇಲ್ಲ. ಹಿಡಿದವರ ಕಣ್ಣಿಗೆ ಮೀನು ಯಾವತ್ತೂ ದೊಡ್ಡದಾಗಿಯೇ ಕಾಣುತ್ತದೆ, ಪಕ್ಕದವರಿಗೆ ಆ ಆಸೆ ಇರುವುದಿಲ್ಲ ಎಂಬುದು ಅವರ ತರ್ಕ. ಅಂಗಡಿಯಲ್ಲಿಯೂ ಅವರು ಹಾಗೆಯೇ. ಗಾಜು ಬದಲಿಸಿ ಬದಲಿಸಿ "ಇದು ಚಲೋ ಕಾಣ್ತೈತೋ, ಇದೋ?" ಎಂದು ಕೇಳುತ್ತ, ಕುರ್ಚಿಯಲ್ಲಿ ಕೂತವರು ಹೇಳಿದ್ದನ್ನೇ ನಂಬಿ ಜೀವನ ಮಾಡಿದ ಮನುಷ್ಯ. ನೋಡಿದವರು ಹೇಳಿದ ಮೇಲೆ ಮುಗಿಯಿತು.

ನಾನು ಈ ನಿಯಮದ ಮೇಲೆ ಎಷ್ಟು ಸಲ ಹರಿಹಾಯ್ದಿದ್ದೆ! ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಬಾಯಿಮಾತಿನ ಸಾಕ್ಷಿಯೇ? "ಸಾಕ್ಷಿ ಹೇಳೋರೇ ಸುಳ್ಳು ಹೇಳಿದ್ರೆ?" ಎಂದು ಕೇಳಿದ್ದೆ.

"ಯಾಕ ಹೇಳ್ತಾರ? ಅವ್ರಿಗೇನ್ ಸಿಗುತ್ತೆ?" ಅಂದಿದ್ದರು ಅಪ್ಪ, ನಿಜವಾಗಿಯೂ ಅರ್ಥವಾಗದವರಂತೆ.

ಹರಿಹರದಲ್ಲಿ ಲೇತ್ ಮಷಿನ್ ಇಟ್ಟುಕೊಂಡಿರುವ ಪರಮೇಶಣ್ಣ, ಅಪ್ಪನ ಗೆಳೆಯ, ಗುಂಪಿನ ಬಾಯಿಪಟಾಕಿ, "ವಕೀಲಮ್ನೋರಿಗೆ ಹೊಳೀ ನೀರಿಗೂ ಅಫಿಡವಿಟ್ ಬೇಕಂತಪ್ಪ" ಎಂದು ನಕ್ಕಿದ್ದ. ಆಗ ನಾನಿನ್ನೂ ಲಾ ಓದುತ್ತಿದ್ದೆ.

ಇರ್ಫಾನ್ ನಮ್ಮ ಬದುಕಿಗೆ ಬಂದದ್ದು ಕನ್ನಡಕಕ್ಕಾಗಿ. ಫಾರ್ಮಸಿ ಓದಿ ಹರಿಹರದಲ್ಲಿ ಚಿಕ್ಕಪ್ಪನ ಔಷಧಿ ಅಂಗಡಿಗೆ ಕೂತಿದ್ದ. ಚೀಟಿಯಲ್ಲಿದ್ದ ಡಾಕ್ಟರ ಅಕ್ಷರ ಓದಲಾಗದೆ, ತಪ್ಪು ಡಾಕ್ಟರದೋ ತನ್ನ ಕಣ್ಣಿನದೋ ಎಂದು ತಿಳಿಯಲು ದಾವಣಗೆರೆಗೆ ಬಂದಿದ್ದನಂತೆ. ಹೊಸ ಕನ್ನಡಕ ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತು, ರಸ್ತೆಯಾಚೆಯ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದ. ಅಪ್ಪನಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದಿನ ಭಾನುವಾರ ಅವನನ್ನು ಹೊಳೆಗೆ ಕರೆದರು.

ಮೊದಮೊದಲು ನನಗೂ ಅವನು ಬೇಕಾಗಿದ್ದ. ನಮ್ಮಿಬ್ಬರದೂ ಒಂದೇ ವಯಸ್ಸು; ಜಗಳಕ್ಕೆ ಸರಿಯಾದ ಜೋಡಿ. ನಾನು ತಿಲಾಪಿಯಾ ಅಂದರೆ ಅವನು ಜಿಲೇಬಿ ಅನ್ನುತ್ತಿದ್ದ. ಪುಸ್ತಕದಲ್ಲಿ ಹೀಗಿದೆ ಎಂದು ನಾನು ಫೋನು ತೋರಿಸಿದರೆ, "ನಮ್ಮಮ್ಮ ಒಂದಂತಾಳೆ, ಚಿಕ್ಕಪ್ಪ ಒಂದಂತಾನೆ, ನೀ ಇನ್ನೊಂದಂತಿ. ಮೂರೂ ಹೆಸರಿಗೂ ಮುಳ್ಳು ಅಷ್ಟೇ ಅದಾವೆ ಬಿಡು" ಎಂದು ನಗುತ್ತಿದ್ದ. ಅವನು ಹೇಳುವ ಹೆಸರುಗಳಲ್ಲಿ ಅರ್ಧ ತಪ್ಪಿರುತ್ತಿದ್ದವು, ಅದು ಅವನಿಗೂ ಗೊತ್ತಿತ್ತು. ಸೋಲುವುದಕ್ಕೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅದೂ ನನಗೆ — ಅದು ಕೂಡ ಚುಚ್ಚುತ್ತಿತ್ತು, ಈಗ ಯೋಚಿಸಿದರೆ.

ಆದರೆ ಅವನ ಕೈ. ನನಗೆ ಗಾಳ ಎಸೆಯಲು ಅಪ್ಪ ಕಲಿಸಿದ್ದು ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ. ಅಷ್ಟು ವರ್ಷಗಳಿಂದ ನಾನು ಎಸೆದ ದಾರ ಎಲ್ಲಿ ಬೀಳಬೇಕೋ ಅದರ ಆಸುಪಾಸು ಬೀಳುತ್ತಿತ್ತು. ಇರ್ಫಾನನ ದಾರ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿಯೇ ಬೀಳತೊಡಗಿತು, ಸದ್ದಿಲ್ಲದೆ, ಯಾರೋ ಕೈಯಾರೆ ನೀರಿನ ಮೇಲೆ ಇಟ್ಟ ಹಾಗೆ. ಅಪ್ಪ ಮಾತು ನಿಲ್ಲಿಸಿ ನೋಡುತ್ತಿದ್ದರು. "ನೋಡ್ ನೋಡ್, ಅವನ ಮಣಿಕಟ್ಟು ನೋಡು" ಎಂದು ನನಗೇ ಹೇಳುತ್ತಿದ್ದರು. ನನಗೆ! ರಾಜ್ಯಮಟ್ಟದ ಚರ್ಚಾ ಸ್ಪರ್ಧೆಯ ಕಪ್ಪು ತಂದಾಗ "ಚಲೋ ಆತು" ಎಂದು ಅದನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ಫ್ರೇಮುಗಳ ಹಿಂದೆ ಇಟ್ಟ ಮನುಷ್ಯ, ಒಬ್ಬರ ಮಣಿಕಟ್ಟಿಗೆ ಕಣ್ಣರಳಿಸುತ್ತಿದ್ದರು. ಅಮ್ಮ ನಮಗಾಗಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿದರೆ ಮೊದಲ ರೊಟ್ಟಿ ಅವನ ಕೈಗೆ. ನೀರಿನ ಬಣ್ಣ ನೋಡಿ ಆಳ ಹೇಗೆ ತಿಳಿಯಬೇಕು ಎಂದು ಅವನಿಗೆ ವಿವರಿಸುತ್ತಿದ್ದವರು ನಾನು ಹತ್ತಿರ ಬಂದರೆ ನಿಲ್ಲಿಸುತ್ತಿದ್ದರು. ಕಾರಣವಿತ್ತು: ನನಗೆ ಹೇಳಿದ ಪ್ರತಿ ವಾಕ್ಯವೂ ವಾಗ್ವಾದವಾಗುತ್ತಿತ್ತು. "ನಿನ್ ಜೊತಿ ಮಾತಾಡಿದ್ರೆ ಮೀನೂ ಎದ್ದು ಹೋಗ್ತಾವೆ" ಅಂದರು ಒಮ್ಮೆ. ಎಲ್ಲರೂ ನಕ್ಕರು. ಇರ್ಫಾನನೂ ನಕ್ಕ. ಅವನ ಆ ನಗುವನ್ನು ನಾನು ಮರೆಯಲಿಲ್ಲ, ಮರೆಯಬಹುದಾಗಿತ್ತು.

ಮಳೆ ನಿಂತ ಮೇಲೆ ಅಪ್ಪ ವರ್ಷಕ್ಕೊಮ್ಮೆ ಕಾರವಾರದ ಕಡೆ ಸಮುದ್ರದ ಬಂಡೆಗಳ ಮೇಲಿಂದ ಗಾಳ ಹಾಕಲು ಹೋಗುತ್ತಾರೆ. ಸಮುದ್ರಕ್ಕೆ ಬೇಕಾದ ಉದ್ದನೆಯ ರಾಡುಗಳು ಅವರಲ್ಲಿ ಎರಡೇ. ಕಾಲೇಜು ಸೇರಿದಾಗಿನಿಂದ ಎರಡನೆಯದು ನನ್ನದು. ಆ ವರ್ಷ ದಂಡೆಯ ಮೇಲೆ ಮಂಡಕ್ಕಿ ತಿನ್ನುತ್ತಾ ಅಪ್ಪ ಸಹಜವೆಂಬಂತೆ ಹೇಳಿದರು: "ಈ ಸಲ ನಮ್ ಹೊಳ್ಯಾಗೆ ನಾವ್ಯಾರೂ ಕಾಣದ ಮೀನು ಯಾರು ಹಿಡೀತಾರೋ, ಅವ್ರು ನನ್ ಜೊತಿ ಸಮುದ್ರಕ್ಕೆ."

ಇರ್ಫಾನ್ ಸಮುದ್ರ ನೋಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಸಮುದ್ರದ ನೀರು ಒಣಗಿದ ಮೇಲೆ ಕೈಗೆ ಅಂಟುತ್ತದೆಯೇ, ಅಲೆಯ ಸದ್ದಿನಲ್ಲಿ ರೀಲಿನ ಸದ್ದು ಕೇಳುತ್ತದೆಯೇ ಎಂದು ನನ್ನನ್ನೇ ಕೇಳುತ್ತಿದ್ದ. ಅಪ್ಪ ಆ ಷರತ್ತನ್ನು ಅವನಿಗಾಗಿಯೇ ಹಾಕಿದರು ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ಪುರಾವೆ? ಇರಲಿಲ್ಲ. ಎಲ್ಲರಿಂದಲೂ ಪುರಾವೆ ಕೇಳುವವಳು ನಾನು.

ಆ ಭಾನುವಾರ ಬೆಳಿಗ್ಗೆ ಅಪ್ಪ ಮತ್ತು ಪರಮೇಶಣ್ಣ ಸೇತುವೆಯ ಕಡೆ ಹೋಗಿದ್ದರು. ನಾನು ಮತ್ತು ಇರ್ಫಾನ್ ಕೆಳಗೆ, ಬಂಡೆಗಳ ನಡುವೆ ನೀರು ಸಪೂರವಾಗಿ ಹರಿಯುವಲ್ಲಿ. ಇದ್ದಕ್ಕಿದ್ದಂತೆ ಅವನ ರೀಲು ಕಿರುಚಿತು. ಪ್ಯಾಂಟು ಮಡಚುವಷ್ಟೂ ಪುರಸೊತ್ತಿಲ್ಲದೆ ಅವನು ನೀರಿಗಿಳಿದ. ಹಿಂದೆಯೇ ನಾನೂ. "ಸಡ್ಲ ಬಿಡು! ಸಡ್ಲ ಬಿಡು, ಎಳೀಬ್ಯಾಡ!" ಎಂದು ಕೂಗುತ್ತಿದ್ದೆ. ಅಷ್ಟು ಹೊತ್ತು ನಾನು ಪೂರ್ತಿ ಅವನ ಪಕ್ಷದಲ್ಲಿದ್ದೆ. ಇದನ್ನು ಹೇಳಬೇಕು ಅನ್ನಿಸುತ್ತದೆ, ಹೇಳಿದರೆ ಶಿಕ್ಷೆ ಕಡಿಮೆಯಾಗುವುದಿಲ್ಲ ಎಂದು ಗೊತ್ತಿದ್ದೂ.

ಮೀನು ದಣಿದು ಅವನ ಕೈಗೆ ಬಂತು. ತಾಮ್ರ ಬೆರೆತ ಹೊನ್ನಿನ ಬಣ್ಣ, ಕೋಟಿನ ಗುಂಡಿಯಷ್ಟು ದೊಡ್ಡ ಹುರುಪೆಗಳು, ದಪ್ಪ ತುಟಿ, ತುಟಿಯ ಪಕ್ಕ ಮೀಸೆ. ಸಾಮಾನ್ಯ ಗೆಂಡೆಗೂ ಹೊನ್ನಿನ ಬಣ್ಣವಿರುತ್ತದೆ, ಮೀಸೆ ಇರುತ್ತದೆ, ಹುರುಪೆ ದೊಡ್ಡದಿರುತ್ತದೆ. ದೂರದಿಂದ ನೋಡಿದವರು ಮೋಸ ಹೋಗಬಹುದು. ಆದರೆ ಗೆಂಡೆಯ ಬೆನ್ನಿನ ರೆಕ್ಕೆ ಸೀರೆಯ ಅಂಚಿನ ಹಾಗೆ ಬೆನ್ನುದ್ದಕ್ಕೂ ಹರಿದಿರುತ್ತದೆ. ಇದರದ್ದು ಗಿಡ್ಡ, ನೆಟ್ಟಗೆ ನಿಂತದ್ದು. ನಾನು ಬಗ್ಗಿ ನೋಡಿದೆ. ಅನುಮಾನ ಬೇಡವೆಂದು ಮತ್ತೊಮ್ಮೆ ನೋಡಿದೆ. ಮೇಲೆ ಘಟ್ಟದ ಕಡೆಯ ಹೊಳೆಗಳಲ್ಲಿ, ದೇವಸ್ಥಾನದ ಮಡುಗಳಲ್ಲಿ ಕಾಣುವ ಮಹಶೀರ್. ಹರಿಹರದ ನಮ್ಮ ನೀರಿನಲ್ಲಿ ಅಪ್ಪನೂ ಕಂಡಿರದ ಮೀನು.

"ಏ ರಶ್ಮೀ, ಫೋಟೊ ತಗೀಯೇ ಜಲ್ದಿ! ಫೋನು ಬ್ಯಾಗ್ನಾಗೈತೆ!"

"ರೂಲ್ಸ್ ಐತಲ್ಲ" ಅಂದೆ.

ನಾನು ಅಂದೆ. ಆ ನಿಯಮವನ್ನು ಹೀಗಳೆಯುವುದನ್ನೇ ವ್ರತ ಮಾಡಿಕೊಂಡಿದ್ದ ನಾನು. ಅವನು ಒಂದು ಕ್ಷಣ ಮುಖ ನೋಡಿ, ಆಮೇಲೆ ನಕ್ಕುಬಿಟ್ಟ. "ಹೌದಲ್ಲ. ನೀ ಅದೀಯಲ್ಲ, ನೋಡೀಯಲ್ಲ, ಸಾಕು" ಎಂದು ಗಾಳ ಬಿಡಿಸಿ, ಅಂಗೈಗಳನ್ನು ಸಡಿಲಿಸಿದ. ಮೀನು ಅಲ್ಲಿಯೇ ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹೊರಟುಹೋಯಿತು.

ಕೂಗು ಕೇಳಿ ಅಪ್ಪ ಬಂಡೆಗಳ ಮೇಲೆ ಎಡವುತ್ತಾ ಬಂದರು. ಹಿಂದೆ ಪರಮೇಶಣ್ಣ. ಅಪ್ಪ ನನ್ನನ್ನು ಕೇಳಿದರು, ನಿಯಮದ ಪ್ರಕಾರ: "ಏನ್ ನೋಡ್ದಿ?"

ಕೇಳಿದ್ದು ನನ್ನನ್ನು. ನೋಡುತ್ತಿದ್ದದ್ದು ಅವನನ್ನು. ನನ್ನ ಹೆಗಲ ಮೇಲಿಂದ ಅವರ ಕಣ್ಣು ಆಗಲೇ ಅವನ ಒದ್ದೆ ಮುಖಕ್ಕೆ ಹೋಗಿತ್ತು, ಆಗಲೇ ಖುಷಿಯಾಗಿತ್ತು; ನನ್ನ ಉತ್ತರ ಬರೀ ಒಂದು ಸೀಲು, ಒತ್ತಿದರಾಯಿತು. ಆ ಕಣ್ಣು ನನ್ನ ಕಡೆ ಹಾಗೆ ಒಮ್ಮೆಯೂ —

"ಗೆಂಡೆ" ಅಂದೆ.

"ಅಲ್ಲ ಸರ್, ಮಹಶೀರ್..." ಇರ್ಫಾನ್ ಒಂದು ಹೆಜ್ಜೆ ಮುಂದೆ ಬಂದ.

"ಹಿಡಿದೋರು ಹೆಸರು ಹೇಳಂಗಿಲ್ರೀ ಸಾಹೇಬ್ರ!" ಪರಮೇಶಣ್ಣ ಕುಶಾಲಿಗೆ ಕೈಯೆತ್ತಿ ತಡೆದ.

ಇರ್ಫಾನ್ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ವೇದಿಕೆಯ ಮೇಲೆ ಎದುರಾಳಿಯನ್ನು ಹೇಗೆ ನೋಡಬೇಕೆಂದು ನನಗೆ ಕಲಿಸಿದ್ದಾರೆ. ಅವನು ಕನ್ನಡಕ ತೆಗೆದು, ಒದ್ದೆ ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಹೊಳೆಯ ಕಡೆ ನೋಡಿದ. "ಹಂಗಾರೆ ಗೆಂಡೇನೇ ಇರಬೋದು ಸರ್" ಅಂದ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಪ್ಪ, "ಮೇಲಿಂದ ನೋಡ್ದಾಗ ಮಿಂಚಿದ್ದು ಒಂಥರಾ..." ಎಂದು ಗೊಣಗಿದರು. ಅನುಮಾನ ಉಳಿದಿತ್ತು. ಅನುಮಾನ ಎಂಬ ಪದಾರ್ಥದ ವ್ಯಾಪಾರವೇ ನನ್ನದು. ಅದನ್ನು ಉಳಿಯಗೊಡಬಾರದೆಂದು ತಿಳಿದಿತ್ತು. ಬುತ್ತಿ ಬಿಚ್ಚಿ ಕೂತಾಗ ನಾನೇ ಇರ್ಫಾನನ ವಕೀಲೆಯಾದೆ. "ಅವನ ತಪ್ಪೇನೈತೆ? ಕರಾವಳ್ಯಾಗೆ ಒಂದು ಮೀನಿಗೆ ಒಂದ್ಕಡೆ ಬೂತಾಯಿ ಅಂತಾರೆ, ಕಾರವಾರದಾಗೆ ಅದನ್ನೇ ತಾರ್ಲಿ ಅಂತಾರೆ. ರಾವಸ್ ಮೀನಿಗೆ ಇಂಗ್ಲಿಷ್ನೋರು ಇಂಡಿಯನ್ ಸಾಲ್ಮನ್ ಅಂದ್ರು, ಸಾಲ್ಮನ್ನಿಗೂ ಅದಕ್ಕೂ ನೆಂಟಸ್ತನಾನೇ ಇಲ್ಲ. ಅಪ್ಪಂದು ಟ್ರೌಟೂ ಹಂಗೇ. ಇನ್ನು ಇವನ ಮನ್ಯಾಗೆ ದೊಡ್ಡ ಹುರುಪೆ ಇದ್ದಿದ್ಕೆಲ್ಲ ಒಂದೇ ಹೆಸರು ಇರಬೋದು. ತಿನ್ನೋರಿಗೆ ರುಚಿ ಗೊತ್ತಿರುತ್ತೆ, ರೆಕ್ಕೆ ಗೊತ್ತಿರಲ್ಲ."

ಪರಮೇಶಣ್ಣ ಬಿದ್ದು ಬಿದ್ದು ನಕ್ಕ. ನಾನು ಕೊಟ್ಟ ಉದಾಹರಣೆಗಳೆಲ್ಲ ನಿಜ. ಒಂದು ಸುಳ್ಳನ್ನು ಕಾಯಲು ಸುತ್ತಲೂ ನಿಜಗಳನ್ನೇ ನಿಲ್ಲಿಸಿದ್ದೆ. ಕೊನೆಯ ಮಾತು ಮಾತ್ರ ಅವನ ಮನೆಗೆ, ಅವನ ತಾಯಿಯ ಒಲೆಗೆ ಹೋಗಿ ತಾಕಿತು. ತಾಕಲೆಂದೇ ಅಂದದ್ದು. ಇರ್ಫಾನನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಮುಂದಿನ ವಾರಗಳಲ್ಲಿ ಅವನು ಬಂದಾಗಲೆಲ್ಲ, "ಮಹಶೀರ್ ಸಾಹೇಬ್ರು ಬಂದ್ರು, ದಾರಿ ಬಿಡ್ರಪ್ಪೋ" ಎಂಬ ಸ್ವಾಗತ. ಅವನೂ ನಗುತ್ತಿದ್ದ. ಆಮೇಲೆ ಅಂಗಡಿಯಲ್ಲಿ ಸ್ಟಾಕ್ ಬಂದಿದೆ ಎಂದ, ಚಿಕ್ಕಪ್ಪ ಊರಲ್ಲಿಲ್ಲ ಎಂದ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. "ಇರ್ಫಾನ್ ಯಾಕ ಬರವಲ್ಲ?" ಎಂದು ಅಪ್ಪ ಕೇಳಿದಾಗ "ಕೆಲ್ಸ ಇರಬೇಕು" ಎಂದವಳು ನಾನೇ. ಆ ಊರಿನಲ್ಲಿ ಅಪ್ಪನಿಗೆ ಗೊತ್ತಿರುವ ಎಲ್ಲರ ಬಾಯಲ್ಲೂ ಅವನು ಗೆಂಡೆಯನ್ನು ಮಹಶೀರ್ ಅಂದವನಾದ; ಸುಳ್ಳುಗಾರನಲ್ಲ, ಇಲ್ಲ, ಅಷ್ಟು ದೊಡ್ಡದೇನೂ ಅಲ್ಲ, ಬರೀ ನಗೆಪಾಟಲು.

ಕಾಣದ ಮೀನನ್ನು ಯಾರೂ ಹಿಡಿದಿಲ್ಲವೆಂದಾದ್ದರಿಂದ, ಎಂದಿನಂತೆ ಸಮುದ್ರಕ್ಕೆ ನಾನು ಹೋದೆ. ಬಂಡೆಯ ಮೇಲೆ ಅಪ್ಪನ ಪಕ್ಕ ನಿಂತು ನನಗೆ ಬೇಕಾಗಿದ್ದುದನ್ನೆಲ್ಲ ಪಡೆದೆ. ಎರಡನೆಯ ದಿನ ನನ್ನ ಗಾಳಕ್ಕೆ ಯಾವುದೋ ದೊಡ್ಡದು ಬಿತ್ತು. ಅಲೆಯ ನೊರೆಯಲ್ಲಿ ಒಂದೇ ಒಂದು ಸಲ ಬೆಳ್ಳಗೆ ಹೊರಳಿತು, ದಾರ ಬಂಡೆಗೆ ಉಜ್ಜಿ ತುಂಡಾಯಿತು. ನನಗೆ ಅಳು ಬಂದಿತ್ತು. ಅಪ್ಪ, "ರಾವಸ್. ನಾ ನೋಡೀನಿ" ಅಂದರು.

"ಪೂರ್ತಿ ಕಾಣ್ಲೇ ಇಲ್ಲಲ್ಲ ಅಪ್ಪ."

"ನನಗೆ ಕಾಣ್ತು. ರಾವಸ್ಸೇ. ಚಲೋ ಮೀನು." ಊರಿಗೆ ಬಂದ ಮೇಲೆ ಪರಮೇಶಣ್ಣನ ಎದುರಿಗೂ ಅದನ್ನೇ ಹೇಳಿದರು, ಗಟ್ಟಿಯಾಗಿ, ತಾವೇ ಹಿಡಿದವರಿಗಿಂತ ಹೆಚ್ಚು ಹೆಮ್ಮೆಯಿಂದ. ನನಗೆ ಬೇಕಾಗಿದ್ದ ಆ ಕಣ್ಣು ಅಂದು ನನ್ನ ಮೇಲೆಯೇ ಇತ್ತು. ಅದರ ಎದುರು ನಿಲ್ಲಲಾಗಲಿಲ್ಲ.

ಈಗ ನಾನು ದಾವಣಗೆರೆಯ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಇತ್ತೀಚೆಗೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಅಪ್ಪನಿಗೆ ಎಲ್ಲ ಹೇಳಿದೆ.

"ಬೆನ್ನಿನ ರೆಕ್ಕೆ ನೋಡಿದ್ದಿ?"

"ನೋಡಿದ್ದೆ."

"ಅವನಿಗೆ ಹೇಳಿಯೇನು?"

"ಇಲ್ಲ."

"ಮತ್ತೆ ನನಗ್ಯಾಕ ಹೇಳ್ತಿ" ಎಂದು ಎದ್ದು ಹೋಗಿ ಫ್ಯಾನು ಜೋರು ಮಾಡಿದರು. ಬೈಯಲಿಲ್ಲ. ಆದರೆ ಆ ದಿನದಿಂದ ಹೊಳೆಯ ದಂಡೆಯಲ್ಲಿ ನನ್ನನ್ನು "ಏನ್ ನೋಡ್ದಿ?" ಎಂದು ಕೇಳುವುದಿಲ್ಲ. ತಾವೇ ನಡೆದು ಬಂದು ಬಗ್ಗಿ ನೋಡುತ್ತಾರೆ.

ಹರಿಹರದ ಔಷಧಿ ಅಂಗಡಿಗೆ ಹೋದೆ. ಹೇಳಲೆಂದೇ ಹೋದದ್ದು. ಇರ್ಫಾನ್ ನೋಡಿದವನೇ ಸ್ಟೂಲು ಮುಂದೆ ತಳ್ಳಿ, "ಬರ್ರಿ ಮೇಡಂ, ಕೂಡ್ರಿ. ಸರ್ ಹೆಂಗದಾರೆ?" ಅಂದ. 'ನೀ' ಎನ್ನುತ್ತಿದ್ದವನು. ಗಿರಾಕಿಗಳು ಬರುತ್ತ ಹೋಗುತ್ತ ಇದ್ದರು. ಭಾನುವಾರ ಹೊಳೆಗೆ ಬರಬಾರದೇ ಎಂದೆ. ಅವನು ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುತ್ತಾ ನಕ್ಕ.

"ಬಿಟ್ಟೀನ್ರಿ ಅದನ್ನೆಲ್ಲ. ನಂಗೆಲ್ಲಿ ಗೊತ್ತಾಗುತ್ತೆ ಯಾವ್ ಮೀನು ಯಾವ್ದಂತ."

ಅದು ಚುಚ್ಚು ಮಾತಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನ ಮುಖವನ್ನು ಸಾಕ್ಷಿಯ ಮುಖ ಓದುವ ಹಾಗೆ ಓದಲು ನೋಡಿದೆ, ಏನೂ ತಿಳಿಯಲಿಲ್ಲ. ಕೆಮ್ಮಿಲ್ಲದಿದ್ದರೂ ಕೆಮ್ಮಿನ ಔಷಧಿ ಕೊಂಡು ಹೊರಗೆ ಬಂದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ನಗುವವರೆಲ್ಲ ಓದಲಿ ಎಂದು. ಬರುವ ಭಾನುವಾರ ದಂಡೆಯ ಮೇಲೆ ಅದೇ ಜನರೆದುರು ಬಾಯಿಬಿಟ್ಟು ಹೇಳುತ್ತೇನೆ ಕೂಡ. ಇರ್ಫಾನ್, ಅದು ಮಹಶೀರ್. ನೀನು ಹಿಡಿದೆ, ನಾನು ನೋಡಿದೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಡಬೇಕಾದ ಭಾರ ನಿನ್ನ ಮೇಲೆ ಬೀಳುತ್ತದೆ. ಒಂದು ವಿಷಯ ಮಾತ್ರ ನನಗೆ ತಿಳಿಯಬೇಕು, ಯಾವ ವಾದದಿಂದಲೂ ಅದು ನನಗೆ ಸಿಗುತ್ತಿಲ್ಲ. ಅಂದು ಎಲ್ಲರೆದುರು "ಗೆಂಡೇನೇ ಇರಬೋದು" ಅಂದೆಯಲ್ಲ — ಅಪ್ಪನ ಮುಂದೆ ನನ್ನ ಮಾನ ಉಳಿಸಲು ಹಾಗಂದೆಯೋ, ಇಲ್ಲ, ನಾನು ಅಷ್ಟು ಧೈರ್ಯವಾಗಿ ಹೇಳಿದ್ದು ಕೇಳಿ, ನಿನ್ನ ಕೈಯಲ್ಲೇ ಇದ್ದುದನ್ನು ನೀನೂ ಗೆಂಡೆಯೆಂದೇ ನಂಬಿಬಿಟ್ಟೆಯೋ?